ಸುಮಾ ಕೇಳಿದ ಸಿಪಿಆರ್ ಹಾಡಿನ ವಿಷಯ

ಸುಮಾ ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಸಿಪಿಆರ್ ಮಾಡುವಾಗ, ಅಂದರೆ ಹೃದಯ ನಿಂತು ಕುಸಿದವರ ಎದೆ ಒತ್ತುವಾಗ, ಬೀ ಜೀಸ್ ತಂಡದ ‘ಸ್ಟೇಯಿನ್ ಅಲೈವ್’ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ ಅಂತ ಆಫೀಸಿನ ತರಬೇತಿಯಲ್ಲಿ ಹೇಳಿದರು, ನನಗೆ ಆ ಹಾಡೇ ಬರಲ್ಲ, ನಾಳೆ ಅಪ್ಪನಿಗೇ ಏನಾದರೂ ಆದರೆ ಏನು ಮಾಡಲಿ ದೊಡ್ಡಪ್ಪ ಅಂತ ಕೇಳಿದ್ದೀಯ. ಗಾಬರಿ ಆಗಬೇಡ. ಆದರೆ ಅತ್ತೆ ‘ಯಾವುದಾದರೂ ಭಜನೆ ಹಾಡಿಕೋ’ ಅಂತ ಬರೆದಿದ್ದಾಳಲ್ಲ, ಅದು ಮಾತ್ರ ಬೇಡ.

ಭಾವನ ವಿಷಯ ನಿಮಗೆಲ್ಲ ಗೊತ್ತೇ ಇದೆ. ರಾಮನವಮಿ ದಿನ, ಕೈಯಲ್ಲಿ ಪಾನಕದ ಲೋಟ ಇತ್ತು, ಹಾಗೇ ಕುಸಿದರು. ಲೋಟ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಉಸಿರಿರಲಿಲ್ಲ. ಬ್ಯಾಂಕಿನಲ್ಲಿದ್ದಾಗ ಕಲಿತಿದ್ದೆ, ಮಂಡಿಯೂರಿ ಒತ್ತಲು ಶುರು ಮಾಡಿದೆ. ಆಗತಾನೇ ಹಾಡಿದ್ದ ಭಜನೆಯ ತಾಳವನ್ನೇ ಹಿಡಿದೆ. ಭಜನೆ ನಿಧಾನಕ್ಕೆ ಶುರುವಾಗಿ ಕೊನೆಗೆ ಓಡುತ್ತದೆ, ಅಲ್ವಾ? ನನ್ನ ಕೈಯೂ ಓಡಿತು. ಓಡಿದಷ್ಟೂ ಒತ್ತು ಹಗುರವಾಯಿತು. ಎದೆ ಪೂರ್ತಿ ಮೇಲೇಳಲೂ ಬಿಡಲಿಲ್ಲ. ಎದ್ದರೆ ತಾನೇ ಹೃದಯಕ್ಕೆ ರಕ್ತ ತುಂಬುವುದು? ಪಕ್ಕದ ಬೀದಿಯ ನರ್ಸ್ ಹುಡುಗಿ ಬಂದು, ‘ಅಂಕಲ್, ಓಡಬೇಡಿ, ಗಟ್ಟಿಯಾಗಿ ಒತ್ತಿ’ ಅಂತ ನನ್ನನ್ನು ಸರಿಸಿ ತಾನೇ ಕೂತಳು. ಭಾವ ಉಳಿಯಲಿಲ್ಲ. ನಿಮ್ಮ ತಪ್ಪಲ್ಲ ಅಂದರು ಡಾಕ್ಟರ್. ಆದರೂ ನನ್ನ ಕೈ ಓಡಿದ್ದು ನನಗೆ ಗೊತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಓಡುವ ಹಾಡು ಬೇಡ ಪುಟ್ಟಿ.

ಇದನ್ನೆಲ್ಲ ಎಲ್ಲರೂ ಕಲಿಯಲಿ ಅಂತಲೇ ಹೋದ ವರ್ಷ ಸಮುದಾಯ ಭವನಕ್ಕೆ ಗೊಂಬೆ ಸಮೇತ ಕಲಿಸುವವರನ್ನು ಕರೆಸಿದ್ದೆ. ಎಷ್ಟು ಜನ ಬಂದಿರಿ? ಏಳೇ ಜನ. ಅದೇ ಮಧ್ಯಾಹ್ನ ಊಟಕ್ಕೆ ಮೂರನೇ ಪಂಕ್ತಿ ಹಾಕಬೇಕಾಯಿತು. ನನಗೆ ಇವತ್ತಿಗೂ ಬೇಜಾರಿದೆ. ಮನೆಮನೆಯಲ್ಲೂ ಬಿಪಿ, ಶುಗರ್ ಇರುವವರು ನಾವು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಹಾಡು ಬರದಿದ್ದರೆ ಬೇಡ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಆ ಹಾಡಿನ ತಾಳ ಸುಮಾರು 103, ಅದಕ್ಕೇ ಅದನ್ನು ಹೇಳಿಕೊಡುವುದು. ನೀನು ಬಾಯಿಬಿಟ್ಟು ಎಣಿಸು. 30 ಎಣಿಸುವಷ್ಟರಲ್ಲಿ 15ರಿಂದ 18 ಸೆಕೆಂಡ್ ಆಗಿದ್ದರೆ ಸರಿಯಾಗಿದೆ. ಇವತ್ತೇ ಗೋಡೆ ಗಡಿಯಾರ ನೋಡಿಕೊಂಡು ದಿಂಬಿನ ಮೇಲೆ ಅಭ್ಯಾಸ ಮಾಡು. ಮೊದಲು 108ಕ್ಕೆ ಫೋನ್, ಸ್ಪೀಕರ್ ಹಾಕಿಡು. ಆಮೇಲೆ ಎದೆಯ ನಡುಭಾಗದಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತು, ಪ್ರತಿ ಸಲ ಪೂರ್ತಿ ಮೇಲೇಳಲು ಬಿಡು. 2 ನಿಮಿಷಕ್ಕೊಮ್ಮೆ ನೀನೂ ನಿಮ್ಮಣ್ಣನೂ ಸರದಿ ಬದಲಾಯಿಸಿಕೊಳ್ಳಿ. ಫೋನಿನಲ್ಲಿ ಹಾಡು ಹುಡುಕುತ್ತ ಕೂರಬೇಡ.