ರೈಜೆನ್ 9000 ಬಗ್ಗೆ ಇಷ್ಟೊಂದು ಬೇಸರ ಯಾಕೆ? ಕಲಬುರಗಿ ಬಿಸಿಲಲ್ಲಿ ಕೆಲಸ ಮಾಡುವವರಿಗೆ ಯಾವುದು ಸರಿ?

ಮಾಳಿಗೆ_ಸ್ಟುಡಿಯೋ (ಕಲಬುರಗಿ), 25 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ನನ್ನ ಹತ್ತಿರ ಇರುವುದು ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ನಾಲ್ಕೂವರೆ ವರ್ಷ ಒಂದು ದಿನವೂ ಕೈ ಕೊಟ್ಟಿಲ್ಲ. ಆದರೆ 4ಕೆ ಟೈಮ್‌ಲೈನ್ ಮೇಲೆ ಕಲರ್ ಹಾಕಿದ ತಕ್ಷಣ ತಡವರಿಸುತ್ತದೆ. ಈ ವರ್ಷ ಹೊಸದು ಕಟ್ಟಲೇಬೇಕು ಅಂತ ದುಡ್ಡು ತೆಗೆದಿಟ್ಟಿದ್ದೇನೆ.

ಜೂನ್‌ನಲ್ಲಿ ತೈಪೆಯ ಕಂಪ್ಯೂಟರ್ ಮೇಳ ಕಂಪ್ಯೂಟೆಕ್ಸ್‌ನಲ್ಲಿ ಎಎಂಡಿ ಕಂಪನಿಯ ಮುಖ್ಯಸ್ಥೆ ಲೀಸಾ ಸು ರೈಜೆನ್ 9000 ಸರಣಿಯ ಹೊಸ ಚಿಪ್ ತೋರಿಸಿದಾಗಿನಿಂದ ಅದರಲ್ಲಿನ 9700ಎಕ್ಸ್ ಮೇಲೆ ಕಣ್ಣಿಟ್ಟಿದ್ದೆ. 8 ಕೋರ್, 16 ಥ್ರೆಡ್, 5.5 ಗಿಗಾಹರ್ಟ್ಸ್. ಅಷ್ಟಾದರೂ ಟಿಡಿಪಿ (ಚಿಪ್‌ನ ಶಾಖ ಮತ್ತು ವಿದ್ಯುತ್ತಿನ ಅಳತೆ) ಬರೀ 65 ವ್ಯಾಟ್. ಹಿಂದಿನ 7700ಎಕ್ಸ್‌ಗೆ 105 ಇತ್ತು. ಜುಲೈ 31ಕ್ಕೆ ಬರಬೇಕಾದದ್ದು ಆಗಸ್ಟ್ 8ಕ್ಕೆ ಬಂತು. ಅವತ್ತಿನಿಂದ ರಾತ್ರಿಯೆಲ್ಲ ಕೂತು ರಿವ್ಯೂ ನೋಡಿದ್ದೇನೆ. ಎಲ್ಲಿ ನೋಡಿದರೂ ಬೇಸರವೇ. ಇದರ ಒಳವಿನ್ಯಾಸದ ಹೆಸರು ಝೆನ್ 5. ವೇಗ ಹೆಚ್ಚಿದ್ದು ಐದೇ ಪರ್ಸೆಂಟ್ ಅಂತ ಅಣಕಿಸಿ 'ಝೆನ್ 5 ಪರ್ಸೆಂಟ್' ಅಂತ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ನನಗೆ ಅರ್ಥವಾಗದ್ದು ಇದು. ನನ್ನ ಕೋಣೆ ಮಾಳಿಗೆ ಮೇಲಿದೆ. ಏಸಿ ಇಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಮಧ್ಯಾಹ್ನ ಮೂರಕ್ಕೆ ಕೇಸ್ ಪಕ್ಕದ ತಗಡು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಮದುವೆ ಸೀಸನ್ ಬರುವುದೂ ಆಗಲೇ. ಅದಕ್ಕೇ ರೆಂಡರನ್ನು ರಾತ್ರಿ ಹತ್ತರ ಮೇಲೆ ಹಚ್ಚಿ, ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗುತ್ತೇನೆ. ಕರೆಂಟ್ ಹೋದರೆ ಇನ್ವರ್ಟರ್ ಮೇಲೇ ನಡೆಯಬೇಕು. 40 ವ್ಯಾಟ್ ಉಳಿತಾಯ ಅಂದರೆ ನನಗದು ದೊಡ್ಡ ಮಾತು. ಅದನ್ನು ಯಾರೂ ಯಾಕೆ ಎತ್ತುತ್ತಿಲ್ಲ? ತಗೊಳ್ಳಲಾ, ಬಿಡಲಾ?

ಫ್ರೇಮ್_ಲೆಕ್ಕ (ಮೈಸೂರು), 25 ಆಗಸ್ಟ್

ಅಣ್ಣಾ, ಬೇಸರಪಟ್ಟವರು ಜಾಸ್ತಿ ನಮ್ಮಂಥ ಗೇಮ್ ಆಡುವವರು. 7800ಎಕ್ಸ್3ಡಿ ಹೋದ ವರ್ಷ ಏಪ್ರಿಲ್‌ನಲ್ಲೇ ಬಂತು. ಅದರಲ್ಲಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 96 ಎಂಬಿ. 9700ಎಕ್ಸ್‌ನಲ್ಲಿ 32. ಗೇಮ್‌ನಲ್ಲಿ ಇವತ್ತಿಗೂ ಹಳೆಯದೇ ಮುಂದಿದೆ. ಎರಡು ವರ್ಷ ಕಾದವನಿಗೆ ಹೊಟ್ಟೆ ಉರಿಯುತ್ತೆ ಅಲ್ವಾ? ನಿಮ್ಮ ಕೆಲಸವೇ ಬೇರೆ. ನಮ್ಮ ಮಾತು ಕೇಳಿ ಬಿಡಬೇಡಿ. ನಾನಂತೂ ಹೊಸದರಲ್ಲಿ 3ಡಿ ಕ್ಯಾಶ್ (ಪೇರಿಸಿ ಇಟ್ಟ ಹೆಚ್ಚುವರಿ ಕ್ಯಾಶ್) ಇರುವುದು ಬರುವವರೆಗೆ ಕಾಯುತ್ತೇನೆ.

ಕುಂದಾಪುರ_ಲಿನಕ್ಸ್, 26 ಆಗಸ್ಟ್

ಇದರಲ್ಲಿ ನಿಮ್ಮ ದುಡಿಮೆಯ ದುಡ್ಡಿದೆ, ಹಾಗಾಗಿ ನೇರವಾಗಿ ಹೇಳುತ್ತೇನೆ. 9700ಎಕ್ಸ್ ಅನ್ನು 7700ಎಕ್ಸ್ ಪಕ್ಕ ಇಟ್ಟು ನೋಡಬೇಡಿ. 7700 ಪಕ್ಕ ಇಡಿ, ಕೊನೆಯಲ್ಲಿ ಎಕ್ಸ್ ಇಲ್ಲದ್ದು. ಅದು 2023ರ ಜನವರಿಯಲ್ಲೇ ಬಂದಿದೆ. ಅದಕ್ಕೂ 8 ಕೋರ್, ಅದಕ್ಕೂ 65 ವ್ಯಾಟ್, 5.3 ಗಿಗಾಹರ್ಟ್ಸ್. ಡಬ್ಬಿ ಮೇಲೆ 65 ಅಂತ ಬರೆದಿದ್ದರೂ ಪೂರ್ತಿ ಕೆಲಸ ಕೊಟ್ಟರೆ ಎರಡೂ 88 ವ್ಯಾಟ್‌ವರೆಗೆ ಎಳೆಯುತ್ತವೆ. 7700ಎಕ್ಸ್ ಎಳೆಯುವುದು 142. ಅಂದರೆ ನೀವು ಹುಡುಕುತ್ತಿರುವ ತಂಪು ಒಂದೂವರೆ ವರ್ಷದಿಂದ ಅಂಗಡಿಯಲ್ಲೇ ಇದೆ. ಮೇಲಾಗಿ 7700 ಡಬ್ಬಿಯೊಳಗೆ ರೇತ್ ಪ್ರಿಸಂ ಕೂಲರ್ ಬರುತ್ತದೆ. 9700ಎಕ್ಸ್‌ಗೆ ಕೂಲರ್ ಬೇರೆ ತಗೊಳ್ಳಬೇಕು.

ಇನ್ನು ನನ್ನ ಅನುಭವ. ನಮ್ಮ ಊರಿನ ಹಳೆಯ ಯಕ್ಷಗಾನದ ವಿಎಚ್ಎಸ್ ಟೇಪ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಎವಿ1 ಎಂಬ ಕಡಿಮೆ ಜಾಗ ಹಿಡಿಯುವ ವಿಡಿಯೋ ರೂಪಕ್ಕೆ ಮಾಡಿ ಇಡುತ್ತಿದ್ದೇನೆ. ಕೆಲವು ಟೇಪುಗಳಿಗೆ ಬೂಷ್ಟು ಹಿಡಿದಿದೆ, ಇನ್ನೊಂದು ಮಳೆಗಾಲ ತಡೆಯಲಿಕ್ಕಿಲ್ಲ. ಒಂದು ವರ್ಷ 7700ರಲ್ಲಿ ಮಾಡಿದೆ. ಹದಿನೈದು ದಿನದ ಹಿಂದೆ ಅದೇ ಬೋರ್ಡ್‌ಗೆ 9700ಎಕ್ಸ್ ಹಾಕಿದೆ. 50 ನಿಮಿಷ ಹಿಡಿಯುತ್ತಿದ್ದ ಟೇಪು ಈಗ 43 ನಿಮಿಷಕ್ಕೆ ಮುಗಿಯುತ್ತದೆ. ಸಾಫ್ಟ್‌ವೇರ್ ಅದೇ, ಸೆಟ್ಟಿಂಗ್ ಅದೇ, ವ್ಯಾಟೂ ಅದೇ 88. ಮೊದಲ ಟೇಪು ಮುಗಿದಾಗ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಹಾಕಿ ಗಡಿಯಾರ ನೋಡುತ್ತಾ ಕೂತೆ.

ಇದು ಎಲ್ಲಿಂದ ಬಂತು ಅಂದರೆ, 7700ರ ವಿನ್ಯಾಸವಾದ ಝೆನ್ 4ರಲ್ಲೂ ಎವಿಎಕ್ಸ್-512 (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡಿಸುವ ಇನ್‌ಸ್ಟ್ರಕ್ಷನ್‌ಗಳು) ಇತ್ತು, ಆದರೆ 512 ಬಿಟ್ ಕೆಲಸವನ್ನು 256ರ ಎರಡು ಕಂತಿನಲ್ಲಿ ಮಾಡುತ್ತಿತ್ತು. ಈಗ ದಾರಿಯೇ ಪೂರ್ತಿ 512 ಬಿಟ್ ಅಗಲ. ಪ್ರತಿ ಕೋರ್‌ನ ಎಲ್1 ಡೇಟಾ ಕ್ಯಾಶ್ 32 ಕೆಬಿಯಿಂದ 48 ಕೆಬಿ ಆಗಿದೆ. ಇನ್‌ಸ್ಟ್ರಕ್ಷನ್ ಬಿಡಿಸಲಿಕ್ಕೆ ಎರಡು ಡಿಕೋಡರ್ ಗುಂಪು ಇಟ್ಟಿದ್ದಾರೆ. ಒಳಗೆ ಮನೆ ಕೆಡವಿ ಹೊಸದಾಗಿ ಕಟ್ಟಿದ ಹಾಗಿದೆ. ಅದನ್ನು ಬರೀ ಗೇಮ್‌ನಲ್ಲಿ ಅಳೆದು ಬಿಸಾಡುವುದು ನನಗೆ ನಿಜವಾಗಿ ನೋವಾಗುತ್ತದೆ. ಹಾಗಂತ ತಪ್ಪು ಎಎಂಡಿಯದ್ದೂ ಇದೆ. ಸರಾಸರಿ 16 ಶೇಕಡಾ ಐಪಿಸಿ (ಒಂದು ಗಡಿಯಾರ ಬಡಿತಕ್ಕೆ ಮಾಡುವ ಕೆಲಸ) ಜಾಸ್ತಿ ಅಂತ ಸ್ಲೈಡ್ ತೋರಿಸಿದ್ದು ಅವರೇ. 359 ಡಾಲರ್ ಬೆಲೆ ಇಟ್ಟದ್ದೂ ಅವರೇ.

ನಿಮಗೆ ಈ ಲಾಭ ಸಿಗಲಿಕ್ಕಿಲ್ಲ. ನೀವು ಎಡಿಟಿಂಗ್‌ಗೆ ಪ್ರೀಮಿಯರ್ ಸಾಫ್ಟ್‌ವೇರ್ ಬಳಸುವುದಾದರೆ ಕಲರ್ ಮತ್ತು ಎಕ್ಸ್‌ಪೋರ್ಟಿನ ದೊಡ್ಡ ಭಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೇಲೆ ಬೀಳುತ್ತದೆ. 7700 ತಗೊಳ್ಳಿ. ಉಳಿದದ್ದನ್ನು ರ‍್ಯಾಮ್ ಮತ್ತು ಜಿಪಿಯುಗೆ ಹಾಕಿ. ಎಎಂ5 ಸಾಕೆಟ್ (ಬೋರ್ಡಿನಲ್ಲಿ ಈ ಚಿಪ್ ಕೂರುವ ಜಾಗ) 2027ರವರೆಗೂ, ಅದರಾಚೆಗೂ ಇರುತ್ತದೆ ಅಂತ ಎಎಂಡಿ ಹೇಳಿದೆ. ಮುಂದೆ ಬೇಕಾದರೆ ಚಿಪ್ ಒಂದನ್ನೇ ಬದಲಾಯಿಸಿ.

ಕ್ಯಾಮೆರಾ_ಹೆಗಲು (ಹುಬ್ಬಳ್ಳಿ), 26 ಆಗಸ್ಟ್

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನೀವು ಯಾವುದರಲ್ಲಿ ಶೂಟ್ ಮಾಡ್ತೀರಿ? ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್.265 ವಿಡಿಯೋ ಆದರೆ ಈ ಲೆಕ್ಕವೆಲ್ಲ ಬೇರೆ ಆಗುತ್ತದೆ ನೋಡ್ರಿ. ಅದನ್ನು ಹಾರ್ಡ್‌ವೇರ್‌ನಲ್ಲಿ ಡಿಕೋಡ್ ಮಾಡುವುದು (ಬಿಡಿಸಿ ತೋರಿಸುವುದು) ಈಗ 2024ರಲ್ಲಿ ವಿಂಡೋಸ್ ಪಿಸಿಗಳಲ್ಲಿ ಇಂಟೆಲ್‌ನ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗ. ನಿಮ್ಮ 1660ಗೂ ಆಗುವುದಿಲ್ಲ, ರೈಜೆನ್ ಒಳಗಿನ ಗ್ರಾಫಿಕ್ಸ್‌ಗೂ ಆಗುವುದಿಲ್ಲ. ಎಷ್ಟು ಕೋರ್ ಕೊಟ್ಟರೂ ಟೈಮ್‌ಲೈನ್ ಜಗ್ಗುತ್ತದೆ, ಪ್ರಾಕ್ಸಿ (ಎಡಿಟ್ ಮಾಡಲು ಹಗುರ ನಕಲು) ಮಾಡಲೇಬೇಕು. ಇಂಟೆಲ್ ಕಡೆ ಹೋದರೆ ಮಾತ್ರ ಮೊದಲು ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. 13 ಮತ್ತು 14ನೇ ಜನರೇಷನ್‌ನ ವೋಲ್ಟೇಜ್ ತೊಂದರೆಗೆ ಇದೇ ತಿಂಗಳು 0ಎಕ್ಸ್129 ಎಂಬ ಮೈಕ್ರೋಕೋಡ್ ತಿದ್ದುಪಡಿ ಬಿಟ್ಟಿದ್ದಾರೆ. ವಾರಂಟಿಯನ್ನೂ 2 ವರ್ಷ ಹೆಚ್ಚಿಸಿದ್ದಾರೆ.

ಮಾಳಿಗೆ_ಸ್ಟುಡಿಯೋ, 27 ಆಗಸ್ಟ್

8 ಬಿಟ್ 4:2:0 ರೀ. ಎರಡು ಕ್ಯಾಮೆರಾದಲ್ಲೂ ಅದೇ. ಪ್ರೀಮಿಯರ್ ಬಳಸುತ್ತೇನೆ. ಕುಂದಾಪುರದ ಸರ್ ಹೇಳಿದ ಮೇಲೆ 7700 ವಿವರ ತೆಗೆದು ನೋಡಿದೆ. ಹೌದು, 88 ವ್ಯಾಟ್. ಇಷ್ಟು ದಿನ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕುಂದಾಪುರ_ಲಿನಕ್ಸ್, 28 ಸೆಪ್ಟೆಂಬರ್

ಈ ತಿಂಗಳು ಬಂದ ಹೊಸ ಬಯೋಸ್‌ನಲ್ಲಿ 9700ಎಕ್ಸ್‌ಗೆ 105 ವ್ಯಾಟ್ ಆಯ್ಕೆ ಕೊಟ್ಟಿದ್ದಾರೆ. ಹಾಕಿ ನೋಡಿದೆ. 43 ನಿಮಿಷ 40 ಆಯಿತು. ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ಎಚ್ಚರವಾಯಿತು. ವಾಪಸ್ 65ಕ್ಕೇ ತಂದಿದ್ದೇನೆ.

ಫ್ರೇಮ್_ಲೆಕ್ಕ, 8 ನವೆಂಬರ್

ನಿನ್ನೆ 9800ಎಕ್ಸ್3ಡಿ ಬಂತು! ಕಾದದ್ದಕ್ಕೂ ಸಾರ್ಥಕ. ಈ ಸಲ ಕ್ಯಾಶ್ ಅನ್ನು ಕೋರ್‌ಗಳ ಕೆಳಗೆ ಇಟ್ಟಿದ್ದಾರೆ. ಮೊದಲು ಅದು ಮೇಲೆ ಕಂಬಳಿ ಹೊದ್ದ ಹಾಗೆ ಕೂತು ಶಾಖ ತಡೆಯುತ್ತಿತ್ತು. ಈಗ ಕೋರ್‌ಗಳು ಕೂಲರ್‌ಗೆ ಹತ್ತಿರ. ಅದಕ್ಕೇ 5.2 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಓವರ್‌ಕ್ಲಾಕ್ ಕೂಡ ಮಾಡಬಹುದು. ಆಗಸ್ಟ್‌ನಲ್ಲಿ ಸಿಟ್ಟಾಗಿದ್ದ ನಾನು ಈಗ ಝೆನ್ 5 ಬಗ್ಗೆ ಪೂರ್ತಿ ಮನಸ್ಸು ಬದಲಾಯಿಸಿದ್ದೇನೆ.

ಮಾಳಿಗೆ_ಸ್ಟುಡಿಯೋ, 20 ಏಪ್ರಿಲ್ 2025

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ಎರಡು ದಿನ ಸುತ್ತಿದೆ. 7700, ಬಿ650 ಬೋರ್ಡ್, 32 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಆರ್‌ಟಿಎಕ್ಸ್ 4060 ತಂದೆ. 4060 ಎಳೆಯುವುದು 115 ವ್ಯಾಟ್, ನನ್ನ 1660 ಸೂಪರ್‌ಗಿಂತ 10 ಕಡಿಮೆ.

ಹೊಸದಾಗಿ ಎಎಂ5 ಕಟ್ಟುವವರಿಗೆ ಒಂದು ಮಾತು. ಮೊದಲ ಸಲ ಆನ್ ಮಾಡಿದಾಗ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಫ್ಯಾನ್ ತಿರುಗುತ್ತದೆ, ಬೋರ್ಡ್‌ನಲ್ಲಿ ರ‍್ಯಾಮ್ ಪಕ್ಕದ ಕಿತ್ತಳೆ ದೀಪ ಉರಿಯುತ್ತದೆ, ಅಷ್ಟೇ. ಒಂದು ನಿಮಿಷ, ಎರಡು, ನಾಲ್ಕು. ನನ್ನ ತಮ್ಮ ಸ್ವಿಚ್ ಮೇಲೆ ಕೈ ಇಟ್ಟಿದ್ದ. ತಡಿ ಅಂತ ಅವನ ಕೈ ಹಿಡಿದೆ. ಏಳನೇ ನಿಮಿಷಕ್ಕೆ ಸ್ಕ್ರೀನ್ ಬೆಳಗಿತು. ಅದು ರ‍್ಯಾಮ್‌ನ ಟೈಮಿಂಗ್ ಹೊಂದಿಸಿಕೊಳ್ಳುವ ಹೊತ್ತು. ನಡುವೆ ಆಫ್ ಮಾಡಬೇಡಿ.

ನಿನ್ನೆ ಮಧ್ಯಾಹ್ನ ಕೋಣೆಯೊಳಗಿನ ಥರ್ಮಾಮೀಟರ್ 39 ತೋರಿಸುತ್ತಿತ್ತು. ಒಂದು ರಿಸೆಪ್ಷನ್ ವಿಡಿಯೋ ತುರ್ತಾಗಿ ಬೇಕಿತ್ತು. ರಾತ್ರಿಗೆ ಕಾಯದೆ ಎರಡೂವರೆಗೇ ರೆಂಡರ್ ಹಚ್ಚಿದೆ. ಡಬ್ಬಿಯ ಕೂಲರ್‌ನಲ್ಲೇ 86 ಡಿಗ್ರಿಗೆ ಹೋಗಿ ನಿಂತಿತು. 95ರ ಮಿತಿಯ ಹತ್ತಿರಕ್ಕೂ ಹೋಗಲಿಲ್ಲ. ನಡುವೆ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂತು, ಆದರೂ ನಿಲ್ಲಲಿಲ್ಲ. ಚಹಾ ಹೊತ್ತಿಗೆ ಮದುಮಗಳ ಅಣ್ಣ ಬಂದು ಪೆನ್‌ಡ್ರೈವ್ ಒಯ್ದರು.

ಹಳೆಯ 3600 ಮತ್ತು 1660 ಈಗ ತಮ್ಮನ ಪಾಲಿಗೆ. ಅವನು ಗೇಮ್ ಆಡುತ್ತಾನೆ. ಅದೇ ಬಿ450 ಬೋರ್ಡ್‌ಗೆ 5700ಎಕ್ಸ್3ಡಿ ಹಾಕೋಣ ಅಂತಿದ್ದೇವೆ. 3600 ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ ಆಮೇಲೆ ಚಿಪ್ ಬದಲಿಸಬೇಕು ಅಂತ ಗೊತ್ತು. ಹಾಗೆ ಮಾಡಿದವರು ಯಾರಾದರೂ ಇದ್ದರೆ, ಯಾವ ಕೂಲರ್ ಹಾಕಿದಿರಿ ಹೇಳಿ.