ಟಿಪ್ಪರ್ ಮಡ್‌ಫ್ಲಾಪ್‌ಗೆ ಯಾವ ರಬ್ಬರ್ ಹಾಕಿಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಕ್ರಷರ್‌ಗಳಿಂದ ಬೆಂಗಳೂರಿಗೆ ಜಲ್ಲಿ ಸಾಗಿಸುವ ಹತ್ತು ಚಕ್ರದ ಟಿಪ್ಪರ್ ನನ್ನದು. ಕೆಸರು, ಕಲ್ಲು ಹಿಂದಕ್ಕೆ ಸಿಡಿಯದಂತೆ ಚಕ್ರದ ಹಿಂದೆ ತೂಗುಹಾಕಿದ್ದ ಪ್ಲಾಸ್ಟಿಕ್ ಮಡ್‌ಫ್ಲಾಪ್ ಹಗುರವಾಗಿತ್ತು, ಆದರೆ ರಿವರ್ಸ್ ತೆಗೆಯುವಾಗ ಕಲ್ಲುರಾಶಿಗೆ ಒತ್ತಿ ಬೋಲ್ಟಿನ ತೂತಿನಿಂದಲೇ ಸೀಳಿಹೋಯಿತು. ಮೊನ್ನೆ ಹೆದ್ದಾರಿ 44ರಲ್ಲಿ ಚಕ್ರದಿಂದ ಸಿಡಿದ ಜಲ್ಲಿ ಹಿಂದಿದ್ದ ಬೈಕ್ ಸವಾರನ ಹೆಲ್ಮೆಟ್‌ಗೆ ಬಡಿಯಿತು. ಅವನು ನನ್ನನ್ನು ನಿಲ್ಲಿಸಿ ಗಾಜಿನ ಬಿರುಕು ತೋರಿಸಿದಾಗ ಕೈಕಾಲು ನಡುಗಿದವು. ಪುಣ್ಯಕ್ಕೆ ಕಣ್ಣು ಉಳಿಯಿತು.

ಒಳಗೆ ಬಟ್ಟೆಯ ಪದರವಿರುವ ದಪ್ಪ ರಬ್ಬರ್ ಬಗ್ಗುತ್ತದೆ, ಬೇಗ ಹರಿಯುವುದಿಲ್ಲ. ಭಾರ ಮಾತ್ರ ಹೆಚ್ಚು. ಕ್ರಷರ್‌ನ ಹಳೆಯ ಕನ್ವೇಯರ್ ಬೆಲ್ಟ್ ಕತ್ತರಿಸಿ ಹಾಕು ಎನ್ನುತ್ತಾರೆ ಕೆಲವರು. ಹಾಗೆ ಹಾಕಿಸಿದವರು ಇದ್ದೀರಾ? ಎಷ್ಟು ಮಿ.ಮೀ. ದಪ್ಪ ಬೇಕು? ನೆಲದಿಂದ ಎಷ್ಟು ಎತ್ತರ ಬಿಡಬೇಕು? ಬೋಲ್ಟಿಗೆ ಕಬ್ಬಿಣದ ಪಟ್ಟಿ ಕೊಟ್ಟರೆ ಸೀಳುವುದು ನಿಲ್ಲುತ್ತದೆಯೇ? ಸೋಮವಾರ ಗಾಡಿ ಗ್ಯಾರೇಜಿಗೆ ಬಿಡುತ್ತೇನೆ, ಅಷ್ಟರೊಳಗೆ ದಯವಿಟ್ಟು ತಿಳಿಸಿ.