ಹಂಪಿ, ಬಾದಾಮಿ ಪ್ರವಾಸಕ್ಕೆ ಜಲವರ್ಣದ ಪುಟ್ಟ ಪೆಟ್ಟಿಗೆ: ಏನಿರಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ಕಾವೇರಿ_ದಂಡೆ

ಜನವರಿಯಲ್ಲಿ ಐದು ದಿನ ಹಂಪಿ ಮತ್ತು ಬಾದಾಮಿಗೆ ಹೋಗುತ್ತಿದ್ದೇನೆ. ಈ ಬಾರಿ ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಬರೆಯದೆ, ಸ್ಥಳದಲ್ಲೇ ಕುಳಿತು ಜಲವರ್ಣದಲ್ಲಿ ಚಿತ್ರಿಸಬೇಕೆಂಬ ಆಸೆಯಿದೆ. ಮೂರು ವರ್ಷಗಳಿಂದ ಮನೆಯ ಮೇಜಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಬಳಿ 24 ಟ್ಯೂಬುಗಳ ಪೆಟ್ಟಿಗೆ, ಪಿಂಗಾಣಿ ತಟ್ಟೆ, ಏಳೆಂಟು ಕುಂಚಗಳಿವೆ. ಕಳೆದ ವರ್ಷ ಇವೆಲ್ಲವನ್ನೂ ಹೊತ್ತುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆ. ಟ್ಯೂಬುಗಳನ್ನು ಬಿಚ್ಚಿ, ನೀರು ತುಂಬಿ, ಕಾಗದವನ್ನು ಹಲಗೆಗೆ ಅಂಟಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದು, ಗೋಡೆಯ ಮೇಲೆ ನಾನು ಕಂಡಿದ್ದ ನೆರಳು ಬೇರೆಲ್ಲೋ ಸರಿದಿತ್ತು. ನೀರಾಗಿ ಕಲಸಿದ ಬಣ್ಣವನ್ನು ಅಗಲವಾಗಿ ಹರಡಿ ಹಾಕಿದ ಮೊದಲ ವಾಶ್‌ಗೇ ಕಾಗದ ಅಲೆಯಲೆಯಾಗಿ ಉಬ್ಬಿ, ಬಣ್ಣವೆಲ್ಲ ತಗ್ಗುಗಳಲ್ಲಿ ಮಡುಗಟ್ಟಿತು.

ಒಣಗಿದ ಬಣ್ಣ ತುಂಬಿದ ಪುಟ್ಟ ಬಟ್ಟಲುಗಳ, ಅಂದರೆ ಪ್ಯಾನುಗಳ, ಸಿದ್ಧ ಪೆಟ್ಟಿಗೆಯನ್ನು ಕೊಳ್ಳುವುದು ಒಳ್ಳೆಯದೇ, ಇರುವ ಟ್ಯೂಬುಗಳಿಂದಲೇ ಪ್ಯಾನ್ ತುಂಬಿಕೊಳ್ಳಬಹುದೇ? ಎಷ್ಟು ಬಣ್ಣ ಸಾಕು? ಹಿಡಿಯಲ್ಲೇ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ ಒಂದೇ ಇದ್ದರೆ ನಡೆಯುತ್ತದೆಯೇ? ಸ್ಥಳದಲ್ಲಿ ಕುಳಿತು ಚಿತ್ರಿಸುವ ರೂಢಿಯಿರುವವರು ದಯವಿಟ್ಟು ತಿಳಿಸಿ.

ಉತ್ತರ: ಬಳ್ಳಾರಿ_ಬಿಸಿಲು

ಹೊಸ ಪೆಟ್ಟಿಗೆ ಬೇಕಾಗಿಲ್ಲ. ಹನ್ನೆರಡು ಹಾಫ್ ಪ್ಯಾನ್, ಅಂದರೆ ಅರ್ಧ ಅಳತೆಯ ಪ್ಯಾನ್, ಹಿಡಿಸುವ ಖಾಲಿ ತಗಡಿನ ಡಬ್ಬಿಯೂ ಖಾಲಿ ಪ್ಯಾನುಗಳೂ ಬಿಡಿಯಾಗಿ ಸಿಗುತ್ತವೆ. 5 ಮಿಲಿಲೀಟರ್‌ನ ಒಂದು ಟ್ಯೂಬಿನಿಂದ ಎರಡು ಹಾಫ್ ಪ್ಯಾನ್ ಧಾರಾಳವಾಗಿ ತುಂಬುತ್ತವೆ. ಆದರೆ ಒಂದೇ ಸಲಕ್ಕೆ ಅಂಚಿನವರೆಗೆ ತುಂಬಬೇಡಿ. ಅರ್ಧದಷ್ಟು ಹಿಂಡಿ, ಕಡ್ಡಿಯಿಂದ ಮೂಲೆಮೂಲೆಗೆ ತಳ್ಳಿ, ಒಳಗಿನ ಗಾಳಿಗುಳ್ಳೆ ಒಡೆಯುವಂತೆ ತಿರುವಿ, ಎರಡು ದಿನ ಒಣಗಲು ಬಿಟ್ಟು, ಆಮೇಲೆ ಉಳಿದರ್ಧವನ್ನು ತುಂಬಿ. ಹೊರಡುವುದಕ್ಕೆ ಕನಿಷ್ಠ ಒಂದು ವಾರ ಮೊದಲೇ ಈ ಕೆಲಸ ಮುಗಿದಿರಲಿ. ಹಸಿಯಿದ್ದಾಗಲೇ ಮುಚ್ಚಿ ಚೀಲಕ್ಕೆ ಹಾಕಿದರೆ ಎಲ್ಲ ಬಣ್ಣಗಳೂ ಒಂದಕ್ಕೊಂದು ಹರಿದುಬಿಡುತ್ತವೆ.

ಬಣ್ಣಗಳ ಸಂಖ್ಯೆಯನ್ನು ಎಂಟಕ್ಕೆ ಇಳಿಸಿ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಸಂಕೇತವಿರುತ್ತದೆ, ಅದನ್ನು ಓದಿ ಆರಿಸಿ. ಪ್ರತಿಯೊಂದರಲ್ಲೂ ಒಂದೊಂದೇ ವರ್ಣದ್ರವ್ಯವಿರುವ ಬಣ್ಣಗಳನ್ನು ಬೆರೆಸಿದರೆ ಕೆಸರಾಗುವುದು ಕಡಿಮೆ. ಹಂಪಿಗೆ ನಾನು ಬಿಡಲಾರದ ಜೋಡಿಯೆಂದರೆ ಅಲ್ಟ್ರಾಮರೀನ್ ನೀಲಿ, ಅಂದರೆ ಪಿಬಿ29, ಮತ್ತು ಬರ್ನ್ಟ್ ಸಿಯೆನ್ನಾ, ಅಂದರೆ ಪಿಬಿಆರ್7. ಇವೆರಡನ್ನು ಬೆರೆಸಿದರೆ ನೀಲಿಯ ಪಾಲು ಹೆಚ್ಚಿದಾಗ ತಂಪಾದ ಬೂದು, ಕಂದಿನ ಪಾಲು ಹೆಚ್ಚಿದಾಗ ಬೆಚ್ಚನೆಯ ಬೂದು ಬರುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಒರಟು ಕಾಗದದ ಕುಳಿಗಳಲ್ಲಿ ತಂಗಿ, ಒಣಗಿದಾಗ ತರಿತರಿಯಾಗಿ ಕಾಣುತ್ತವೆ. ಗ್ರಾನೈಟ್ ಬಂಡೆಯ ಮೈಯನ್ನು ಅದಕ್ಕಿಂತ ಚೆನ್ನಾಗಿ ಯಾವ ಕುಂಚಗಾರಿಕೆಯೂ ತರಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಜೆ ಹೇಮಕೂಟದ ಮೇಲೆ ಕುಳಿತು ಪೂರ್ವಕ್ಕೆ ಮುಖ ಮಾಡಿದರೆ ಮಾತಂಗ ಬೆಟ್ಟದ ಬಂಡೆಗಳು ಬಿಸಿಲಿಗೆ ಕಿತ್ತಳೆಯಾಗಿ, ಅವುಗಳ ಸಂದುಗಳು ನೇರಳೆಯಾಗಿ ಕಾಣುತ್ತವೆ. ಅದಕ್ಕೆ ಯೆಲ್ಲೊ ಓಕರ್ ಮತ್ತು ಒಂದು ಕ್ವಿನಾಕ್ರಿಡೋನ್ ಗುಲಾಬಿ ಬೇಕು. ಬಾದಾಮಿಯ ಮರಳುಗಲ್ಲಿನ ಕೆಂಪಿಗೆ ಲೈಟ್ ರೆಡ್, ಅಲ್ಲಿನ ಅಗಸ್ತ್ಯ ತೀರ್ಥ ಕೆರೆಯ ಹಸಿರಿಗೆ ಒಂದು ತಂಪು ಹಳದಿ ಮತ್ತು ಥ್ಯಾಲೊ ನೀಲಿ. ಎಂಟನೆಯ ಪ್ಯಾನ್ ನಿಮ್ಮಿಷ್ಟ. ಕಪ್ಪು ಮತ್ತು ಬಿಳಿಯನ್ನು ಮನೆಯಲ್ಲೇ ಬಿಡಿ.

ಉತ್ತರ: ಹತ್ತಿಕಾಗದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಸೋಮನಾಥಪುರದ ಚಿತ್ರವನ್ನು ಕೆಡಿಸಿದ್ದು ಬಣ್ಣವಲ್ಲ, ಕಾಗದ. ಹಣ ಸೀಮಿತವಾಗಿದ್ದರೆ ಬಣ್ಣದಲ್ಲಿ ಉಳಿಸಿ ಕಾಗದಕ್ಕೆ ಹಾಕಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ, ನೂರಕ್ಕೆ ನೂರು ಹತ್ತಿಯ, ಮೈ ತುಸು ತರಿಯಾಗಿರುವ ಕೋಲ್ಡ್ ಪ್ರೆಸ್ ಕಾಗದದ ಒಂದು ದೊಡ್ಡ ಹಾಳೆಯನ್ನು ಕೊಂಡು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಹಾಳೆಯ ಲೆಕ್ಕದಲ್ಲಿ ಇದು ಸ್ಕೆಚ್ ಪುಸ್ತಕಕ್ಕಿಂತ ಅಗ್ಗವಾಗುತ್ತದೆ. ತುಂಡು ಚಿಕ್ಕದಾದಷ್ಟೂ ಉಬ್ಬುವುದು ಕಡಿಮೆ. ಅಂಟಿಸುವ ಗೋಜು ಬೇಡ, ರಟ್ಟಿನ ಮೇಲೆ ನಾಲ್ಕು ಕಡೆ ಕ್ಲಿಪ್ ಹಾಕಿದರೆ ಸಾಕು.

ಹಂಪಿಯ ಒಣಗಾಳಿಯಲ್ಲಿ ಇನ್ನೊಂದು ತೊಡಕಿದೆ. ಆಕಾಶದ ಎಡ ಅಂಚಿನಿಂದ ಹೊರಟ ವಾಶ್ ಬಲ ಅಂಚನ್ನು ಮುಟ್ಟುವ ಮೊದಲೇ ಒಣಗಿ, ನಡುವೆ ಗಡುಸಾದ ಗೆರೆ ಬೀಳುತ್ತದೆ. ಕಾಗದದ ಹಿಂಬದಿಯನ್ನೂ ಮೊದಲೇ ಒದ್ದೆ ಮಾಡಿ ರಟ್ಟಿನ ಮೇಲೆ ಅಂಟಿಕೊಳ್ಳುವಂತೆ ಒತ್ತಿದರೆ, ಹತ್ತಿಯ ನಾರು ಆ ತೇವವನ್ನು ಕೆಲವು ನಿಮಿಷ ಹಿಡಿದಿಡುತ್ತದೆ. ಮರದ ತಿರುಳಿನ ಕಾಗದ ಅಷ್ಟು ಹೊತ್ತು ಹಿಡಿದಿಡುವುದಿಲ್ಲ. ನೆರಳಿನಲ್ಲೇ ಕುಳಿತುಕೊಳ್ಳಿ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣು ಕೋರೈಸುವುದರಿಂದ ನಾವು ಬಣ್ಣವನ್ನು ಅಗತ್ಯಕ್ಕಿಂತ ಗಾಢವಾಗಿ ಹಾಕುತ್ತೇವೆ. ಕೋಣೆಗೆ ತಂದು ನೋಡಿದಾಗ ಚಿತ್ರ ಮಂಕಾಗಿರುತ್ತದೆ.

ವಾಟರ್ ಬ್ರಷ್ ಒಂದನ್ನೇ ನಂಬಬೇಡಿ. ಹಿಡಿಯಿಂದ ನೀರು ಇಳಿಯುತ್ತಲೇ ಇರುವುದರಿಂದ ಗಟ್ಟಿಯಾದ, ತುಂಬು ಬಣ್ಣ ಅದಕ್ಕೆ ಒಲಿಯುವುದಿಲ್ಲ. ರೈಲಿನ ಕಿಟಕಿಯ ಪಕ್ಕ ಅದು ವರ. ವಿರೂಪಾಕ್ಷ ಗೋಪುರದ ಹಿಂದಿನ ಆಕಾಶಕ್ಕೆ ಎಂಟನೇ ನಂಬರಿನ ಒಂದು ದುಂಡು ಕುಂಚವೇ ಬೇಕು. ತುದಿ ಚೂಪಾಗಿದ್ದರೆ ಅದೇ ಕುಂಚದಿಂದ ಕಿಟಕಿ, ಕಂಬ, ಜನರನ್ನೂ ಬರೆಯಬಹುದು.

ಉತ್ತರ: ಆಗುಂಬೆ_ಮಳೆ

ನೀವು ಒಣಪ್ರದೇಶಕ್ಕೆ ಹೊರಟಿದ್ದೀರಿ. ಆದರೂ ಮುಂದೊಮ್ಮೆ ಮಲೆನಾಡಿಗೋ ಕರಾವಳಿಗೋ ಬರುವಿರೆಂದು ಇದನ್ನು ಬರೆಯುತ್ತೇನೆ. ಕೆಲವು ಕಂಪನಿಗಳ ಬಣ್ಣದಲ್ಲಿ ಜೇನು ಬೆರೆತಿರುತ್ತದೆ. ಜೇನು ಗಾಳಿಯ ತೇವವನ್ನು ಹೀರುವುದರಿಂದ ನಮ್ಮ ಆಷಾಢದ ತಂಡಿಯಲ್ಲಿ ಅಂಥ ಬಣ್ಣ ಪ್ಯಾನಿನಲ್ಲಿ ಒಣಗುವುದೇ ಇಲ್ಲ. ಡಬ್ಬಿ ಓರೆಯಾದರೆ ಜಾರುತ್ತದೆ. ಅದೇ ಬಣ್ಣ ಬಳ್ಳಾರಿ ಸೀಮೆಯ ಬಿಸಿಲಿಗೆ ಅನುಕೂಲ, ಕುಂಚ ಮುಟ್ಟಿಸಿದ ಕೂಡಲೇ ಕರಗಿ ಬರುತ್ತದೆ. ಆದ್ದರಿಂದ ಯಾವ ಬಣ್ಣ ಒಳ್ಳೆಯದೆಂದು ಕೇಳುವ ಮೊದಲು ಯಾವ ಊರಿಗೆ, ಯಾವ ತಿಂಗಳಿಗೆ ಎಂದು ಕೇಳಿಕೊಳ್ಳಬೇಕು.

ಒಂದು ಜುಲೈನಲ್ಲಿ ನಾನು ಒದ್ದೆ ಡಬ್ಬಿಯನ್ನು ಹಾಗೆಯೇ ಮುಚ್ಚಿ ನಾಲ್ಕು ದಿನ ಚೀಲದಲ್ಲಿಟ್ಟು ಮರೆತಿದ್ದೆ. ತೆರೆದಾಗ ಓಕರ್ ಪ್ಯಾನಿನ ಮೇಲೆ ಬಿಳಿಯ ನವಿರು ಬೂಷ್ಟು ಹತ್ತಿ ಉಣ್ಣೆಯ ಹಾಗೆ ನಿಂತಿತ್ತು. ಮೇಲ್ಪದರವನ್ನು ಕೆರೆದು ಎಸೆದು ಉಳಿದದ್ದನ್ನು ಒಣಗಿಸಿದೆ, ವಾಸನೆ ಮಾತ್ರ ಹೋಗಲಿಲ್ಲ. ಅಂದಿನಿಂದ ರಾತ್ರಿ ಎಲ್ಲಿ ತಂಗಿದರೂ ಡಬ್ಬಿಯ ಮುಚ್ಚಳ ತೆರೆದೇ ಮಲಗುತ್ತೇನೆ.

ನಾವು ಒದ್ದೆ ಕುಂಚ ತಾಗಿಸಿದೊಡನೆ ಬಣ್ಣ ಬಿಡುವ ಈ ಮೆತ್ತನೆಯ ಪ್ಯಾನುಗಳಿಗೆ ಕಾರಣ ಗ್ಲಿಸರಿನ್. ಇಂಗ್ಲೆಂಡಿನ ಬಣ್ಣ ತಯಾರಕ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆ ಅಂಥ ಬಣ್ಣವನ್ನು ಮಾರುಕಟ್ಟೆಗೆ ತಂದದ್ದು 1835ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಝಿ ಹಂಪಿಯ ಸರ್ವೆ ಮಾಡಿದ್ದು 1799ರಲ್ಲಿ. ಆ ಕಾಲದ ಜಲವರ್ಣವೆಂದರೆ ಗಟ್ಟಿ ಬಿಲ್ಲೆ, ನೀರು ಹಾಕಿ ತೇಯ್ದು ಬಣ್ಣ ಇಳಿಸಬೇಕಿತ್ತು. ಅಂಥ ಬಿಲ್ಲೆಗಳನ್ನು ಹೊತ್ತು ಈ ನಾಡಿನಲ್ಲಿ ತಿರುಗಿದವರನ್ನು ನೆನೆದರೆ ನಮ್ಮ ಅಂಗೈ ಡಬ್ಬಿ ಎಷ್ಟು ದೊಡ್ಡ ಅನುಕೂಲವೆಂದು ತಿಳಿಯುತ್ತದೆ.

ಒಂದು ವಿನಂತಿ. ಕುಂಚ ತೊಳೆದ ನೀರನ್ನು ಮಂಟಪದ ಕಲ್ಲಿನ ಮೇಲಾಗಲಿ ತುಂಗಭದ್ರೆಗಾಗಲಿ ಚೆಲ್ಲಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ, ಕಲೆಯೂ ಉಳಿಯುತ್ತದೆ. ಬಿಗಿ ಮುಚ್ಚಳದ ಇನ್ನೊಂದು ಸೀಸೆಯನ್ನು ಇಟ್ಟುಕೊಂಡು ಅದರಲ್ಲಿ ಹಿಂದಕ್ಕೆ ತನ್ನಿ.

ಮರುಪ್ರಶ್ನೆ: ಕಾವೇರಿ_ದಂಡೆ

ಎಲ್ಲರಿಗೂ ಧನ್ಯವಾದಗಳು. ಎಂಟು ಪ್ಯಾನುಗಳಿಗೆ ಮೊದಲ ಅರ್ಧ ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೇನೆ. ಹತ್ತಿಯ ಹಾಳೆ ತಂದು ಹದಿನಾರು ತುಂಡು ಮಾಡಿಕೊಂಡೆ. ನಿನ್ನೆ ನಮ್ಮ ಬೀದಿಯ ಅರಳಿಕಟ್ಟೆಯನ್ನು ಅದರ ಒಂದು ತುಂಡಿನ ಮೇಲೆ ಬರೆದು ನೋಡಿದೆ. ವಾಶ್ ಮಡುಗಟ್ಟಲಿಲ್ಲ, ಆ ಸಂತೋಷವನ್ನು ಇಲ್ಲಿ ಹೇಳಿಕೊಳ್ಳಲೇಬೇಕೆನಿಸಿತು. ಆದರೆ ಅಲ್ಟ್ರಾಮರೀನ್ ಒಣಗುವಾಗ ಬಿರುಕು ಬಿಟ್ಟು ಪ್ಯಾನಿನ ಗೋಡೆಯಿಂದ ಕಳಚಿಕೊಂಡಿದೆ. ಟ್ಯೂಬು ಹಳೆಯದಾಗಿರಬಹುದೇ?

ಉತ್ತರ: ಬಳ್ಳಾರಿ_ಬಿಸಿಲು

ಟ್ಯೂಬಿನ ದೋಷವಲ್ಲ. ನೀರು ಆರಿದಂತೆ ಬಣ್ಣ ಕುಗ್ಗುತ್ತದೆ, ಅದಕ್ಕೇ ಎರಡು ಸಲ ತುಂಬಿ ಎಂದದ್ದು. ಎರಡನೆಯ ಸಲ ಹಿಂಡುವಾಗ ಬಿರುಕಿನೊಳಗೂ ಅಂಚಿಗೂ ಇಳಿಯುವಂತೆ ಕಡ್ಡಿಯಿಂದ ಒತ್ತಿ, ಒಂದು ತೊಟ್ಟು ನೀರು ಬಿಡಿ. ಹಳೆಯದೂ ಹೊಸದೂ ಬೆಸೆದುಕೊಳ್ಳುತ್ತವೆ. ಈ ಸಲ ಕಿಟಕಿಯ ಬಿಸಿಲಿಗೆ ಬೇಡ, ನೆರಳಿನಲ್ಲೇ ನಿಧಾನವಾಗಿ ಒಣಗಲಿ.